ಬೀಗದ ಹಾಡು ಕಲಿಸಿದಾಕೆ

ಹೋದ ವಾರ ನಮ್ಮ ಕೋಲ್ಕತ್ತ ಕನ್ನಡಿಗರ ವಾಟ್ಸಾಪ್ ಗುಂಪಿನಿಂದ ಹೊರಟು ಎಲ್ಲೆಲ್ಲೋ ಸುತ್ತುತ್ತಿರುವ ಮೂರು ನಿಮಿಷದ ಹಳೆಯ ಕ್ಲಿಪ್ಪನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಒಂದು ಪ್ಲೈವುಡ್ ಬಾಗಿಲು, ಅದರಲ್ಲೊಂದು ಕಿಂಡಿ, ಕಿಂಡಿಯ ಹಿಂದೆ ಹೆಣ್ಣಿನ ಮುಖ. ಹೊರಗೆ ಜರಿ ರುಮಾಲಿನ ನಾಯಕ ಬೀಗದ ಕೈ ತಿರುಗಿಸುತ್ತಾ ಮೀಸೆಯಡಿಯಲ್ಲಿ ನಗುತ್ತಿದ್ದಾನೆ. ಒಳಗಿನವಳು "ಬೀಗ ನಿನ್ನದು, ಬಾಗಿಲು ನಿನ್ನದು, ಬಾಳೂ ನಿನ್ನದೇ ರಾಯಾ" ಎಂದು ಹಾಡುತ್ತಾಳೆ. ಮೂರು ದಿನ ತನ್ನನ್ನು ಕೂಡಿಹಾಕಿದವನಿಗೆ!

ಆ ಹೆಣ್ಣು ನಾನೇ. ಆಗ ಇಪ್ಪತ್ತಾರು ವರ್ಷ. ತೂಕದ ವಿಷಯ ಬೇಡ.

ಕೆಳಗಿನ ಕಾಮೆಂಟುಗಳನ್ನೆಲ್ಲ ಓದಿದೆ. "ಇದು ಪ್ರೇಮವಲ್ಲ, ಕ್ರೈಮು" ಎಂದು ಒಬ್ಬಳು. "ಚಿಕ್ಕಮ್ಮ, ನೀವು ಇದಕ್ಕೆ ಹೇಗೆ ಒಪ್ಪಿದ್ರಿ?" ಎಂದು ನನ್ನ ಅಕ್ಕನ ಮಗಳು. ಎಲ್ಲ ಸರಿಯಾಗಿಯೇ ಬರೆದಿದ್ದೀರಿ, ಒಂದನ್ನೂ ಅಳಿಸಬೇಡಿ. ಆ ನಾಟಕದ ಕತೆ ಕೆಟ್ಟದ್ದು. ಅವತ್ತೂ ಕೆಟ್ಟದ್ದೇ ಆಗಿತ್ತು, ನಾನು ಅವತ್ತೇ ಹೇಳಿದ್ದೆ. ಆದರೆ ಒಬ್ಬ ಮಹಾನುಭಾವರು, "ಇಂಥದ್ದನ್ನು ಹುಡುಗಿಯರಿಗೆ ಕಲಿಸಿದ ಆ ಹೆಂಗಸಿಗೆ ಬುದ್ಧಿ ಇರಲಿಲ್ಲವೇ?" ಎಂದು ಕೇಳಿದ್ದಾರೆ. ಆ ಹೆಂಗಸು ತೀರಿಕೊಂಡು ಮೂರು ವಾರವಾಗಿದೆ ಸ್ವಾಮಿ. ಇದ್ದಿದ್ದರೆ ನಿಮಗೆ ಅವರೇ ಉತ್ತರ ಕೊಡುತ್ತಿದ್ದರು, ನೀವು ಫೋನ್ ಸ್ವಿಚ್ ಆಫ್ ಮಾಡಿ ಮಲಗುತ್ತಿದ್ದಿರಿ. ಈಗ ಅವರಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ಉದ್ದವಿದೆ. ಟೀ ಇಟ್ಟುಕೊಂಡು ಕೂತುಕೊಳ್ಳಿ.

ಹೆಸರು ಹಾಕುವುದಿಲ್ಲ. ಕೋಲ್ಕತ್ತದ ಕನ್ನಡ ಸಂಘದಲ್ಲಿ ಎಲ್ಲರೂ ಅವರನ್ನು ಪೇಟಿ ಅಮ್ಮ ಎನ್ನುತ್ತಿದ್ದರು. ಅವರ ಗದಗದ ಕಡೆ ಹಾರ್ಮೋನಿಯಂಗೆ ಪೇಟಿ ಎಂದು ಹೆಸರು. ಮೋಟು ಆಳು, ಇಳಕಲ್ ಸೀರೆ, ಕಿವಿಯಲ್ಲಿ ದೊಡ್ಡ ಬೆಂಡೋಲೆ. ನಡಿಗೆ ಮಾತ್ರ ಹತ್ತು ಜನರ ಮೆರವಣಿಗೆ ಬಂದ ಹಾಗೆ.

ನಾನು ಅವರನ್ನು ಮೊದಲು ಕಂಡದ್ದು ಲೇಕ್ ಮಾರ್ಕೆಟ್‌ನಲ್ಲಿ. ಮೈಸೂರಿನವಳು ನಾನು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ಜೊತೆ ಸೇರಿದವರೆಲ್ಲ ಹೈದರಾಬಾದು, ಪುಣೆ ಎಂದು ಹಾರಿದರು. ಯಾರಿಗೂ ಬೇಡವಾಗಿದ್ದ ಕೋಲ್ಕತ್ತ ನನ್ನ ಪಾಲಿಗೆ ಬಂತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಆಗ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಂದು ಗಾಜಿನ ಕಟ್ಟಡ ಏಳುತ್ತಿತ್ತು. ವಾರವಿಡೀ ಕಂಪ್ಯೂಟರಿನ ಮುಂದೆ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಬಾಂಗ್ಲಾ. ಶನಿವಾರ ಕರಿಬೇವಿನ ವಾಸನೆಗಾಗಿಯೇ, ದಕ್ಷಿಣದವರ ಅಂಗಡಿಗಳಿದ್ದ ಲೇಕ್ ಮಾರ್ಕೆಟ್‌ಗೆ ಬರುತ್ತಿದ್ದೆ. ಅಲ್ಲಿ ಈ ಅಮ್ಮ ಬಂಗಾಳಿ ತರಕಾರಿಯವನ ಜೊತೆ ಅಪ್ಪಟ ಗದಗದ ಕನ್ನಡದಲ್ಲಿ ಚೌಕಾಶಿ ಮಾಡುತ್ತಿದ್ದರು. ಅವನು ಅಪ್ಪಟ ಬಾಂಗ್ಲಾದಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರೂ ಒಂದು ಬೆಲೆಗೆ ಬಂದರು ಕೂಡ.

ನಾನು ಕೇಳಿಬಿಟ್ಟೆ. "ಅವನಿಗೆ ಕನ್ನಡ ಬರುತ್ತಾ ಅಮ್ಮಾ?"

"ಬದನಿಕಾಯಿ ಹುಳಕ ಐತಿ ಅನ್ನೂದು ತಿಳಿಯಾಕ ಭಾಷಾ ಯಾಕ ಬೇಕವಾ?" ಎಂದು ತಿರುಗಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವೂರಾಕಿ ನೀ? ದನಿ ಹೊಟ್ಟಿಯಿಂದ ಬರತೈತಿ ನಿಂದು. ಹಾಡತೀಯೇನು?"

"ಸ್ಕೂಲಲ್ಲಿ ಹಾಡ್ತಿದ್ದೆ, ಅಷ್ಟೇ."

"ಅಷ್ಟ ಸಾಕು. ಉಳಿದದ್ದು ನಾ ಕಲಸ್ತೀನಿ. ನಾಳೆ ಲೇಕ್ ಗಾರ್ಡನ್ಸ್ ಸ್ಟೇಶನ್ನಿಗೆ ಬಂದು, ಪೇಟಿ ಸಪ್ಪಳ ಎಲ್ಲಿಂದ ಬರತೈತಿ ನೋಡಿ, ಆ ಮನಿಗೆ ಬಾ."

ಅದು ಆಹ್ವಾನವಲ್ಲ, ಆರ್ಡರು. ಮನೆ ನಂಬರು ಕೂಡ ಕೊಡಲಿಲ್ಲ. ಮರುದಿನ ಸ್ಟೇಶನ್ನಿನಲ್ಲಿ ಇಳಿದು ಕಿವಿ ಹಿಡಿದ ದಿಕ್ಕಿಗೆ ನಡೆದೆ. ಸಿಕ್ಕಿತು.

ಅವರ ಗಂಡ ರೈಲ್ವೆಯಲ್ಲಿದ್ದರು, ನಾನು ಬರುವ ಹೊತ್ತಿಗೆ ತೀರಿಹೋಗಿದ್ದರು. ಇಬ್ಬರು ಗಂಡುಮಕ್ಕಳು, ಇಬ್ಬರೂ ಇದೇ ಊರಲ್ಲಿ ಬೆಳೆದವರು. ಅಮ್ಮ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಕ್ಷಮೆ ಕೇಳುತ್ತಿದ್ದರು. ಮನೆಯ ಹಿಂದೆಯೇ ಹಳಿ. ಲೋಕಲ್ ರೈಲು ಹೋಗುವಾಗ ಕಪಾಟಿನ ಲೋಟಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಪಾಠ ನಿಲ್ಲಿಸುತ್ತಿದ್ದರು. ಇವರು ಕೈ ಎತ್ತಿ, "ಹೂಂ, ರೈಲು ಹೋಗೂತನ ಸ್ವರಾ ಬಿಡಬ್ಯಾಡ" ಎನ್ನುತ್ತಿದ್ದರು. ಗಾಡಿ ಪೂರ್ತಿ ದಾಟುವವರೆಗೆ ಒಂದೇ ಸ್ವರ ಹಿಡಿದು ನಿಲ್ಲಬೇಕು, ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಸದ್ದು ಇಳಿದ ಮೇಲೆ ನಾವು ಎಲ್ಲಿದ್ದೇವೆ ಎಂದು ಪೇಟಿ ಒತ್ತಿ ತೋರಿಸುತ್ತಿದ್ದರು. ಬಹಳ ಸಲ ಒಂದು ಸ್ವರ ಜಾರಿ ಪಕ್ಕದ ಮನೆಯಲ್ಲಿರುತ್ತಿದ್ದೆವು.

ಒಂಬತ್ತು ವರ್ಷಕ್ಕೇ ನಾಟಕ ಕಂಪನಿ ಸೇರಿದವರು. ಅವರ ತಾಯಿ ಆ ಕಂಪನಿಯಲ್ಲಿ ಅಡುಗೆಯವರು. ಮೊದಲು ಬಾಲಕೃಷ್ಣನ ಪಾರ್ಟು, ಹದಿನಾಲ್ಕಕ್ಕೆ ನಾಯಕಿ. ಐದಾರು ನಾಟಕ ಪೂರ್ತಿ ಬಾಯಿಗೆ ಬರುತ್ತಿದ್ದವು; ರಾಜ, ಮಂತ್ರಿ, ಕಳ್ಳ, ಸಾಹುಕಾರ, ಸಾಹುಕಾರನ ಸೂಳೆ, ಎಲ್ಲರ ಮಾತೂ. ಪುಸ್ತಕ ಇಟ್ಟುಕೊಂಡವರಲ್ಲ.

ಇಷ್ಟು ಕೇಳಿದ ಮೇಲೆ ನನ್ನ ತಲೆ ಓಡಿದ್ದು ನಿಮ್ಮ ತಲೆ ಓಡುವ ಕಡೆಗೇ. ನಾಟಕದ ಹುಡುಗಿ, ರೈಲ್ವೆ ಗಂಡಸು, ಪ್ರತಿದಿನ ಮುಂದಿನ ಸಾಲಿನಲ್ಲಿ ಕೂತು ಪೀಡಿಸಿರಬೇಕು. ಒಂದು ದಿನ ಕೇಳಿಯೇಬಿಟ್ಟೆ. "ಅವರು ನಿಮ್ಮ ಹಿಂದೆ ಬಿದ್ದಿದ್ರಾ ಅಮ್ಮಾ?"

ಬಿದ್ದು ಬಿದ್ದು ನಕ್ಕರು. "ಅಂವಾ? ಅಂವಾ ನಾಟಕಕ್ಕ ಬಂದು ನಿದ್ದಿ ಹೊಡದಾಂವ! ಮುಂದಿನ ಖುರ್ಚ್ಯಾಗ, ಬಾಯಿ ತಕ್ಕೊಂಡು. ಯುದ್ಧದ ಸೀನಿನ್ಯಾಗ ಸುದ್ದಾ ಎಚ್ಚರ ಆಗಲಿಲ್ಲ. ಇಷ್ಟ ಗದ್ದಲದಾಗ ಮಲಗೂ ಗಂಡಸು ಸಿಟ್ಟಿನಾಂವ ಇರಾಕಿಲ್ಲ ಅಂತ ನಾನ ಹೇಳಿ ಕಳಿಸಿದೆ."

ಅವರನ್ನು ದೇವತೆ ಮಾಡಲು ನಾನು ಕೂತಿಲ್ಲ. ಪ್ರಾಕ್ಟೀಸಿನ ದಿನ ತಿಂಡಿ ಮೊದಲು ಗಂಡಸರಿಗೆ, ತಟ್ಟೆ ತೊಳೆಯಲು ಹುಡುಗಿಯರು. ನಾನು ಒಮ್ಮೆ ಗೊಣಗಿದ್ದಕ್ಕೆ, "ಗೊಣಗಕೋತ ತೊಳಿ, ಯಾರು ಬ್ಯಾಡಂದ್ರು?" ಎಂದರು. ತಾಳ ತಪ್ಪಿದರೆ ಫಳ್ಳನೆ ಮೊಣಕಾಲಿಗೆ ಏಟು ಬೀಳುತ್ತಿತ್ತು. ಚಲೋ ಹಾಡಿದಿ ಎಂಬ ಮಾತು ಆ ಬಾಯಿಂದ ನಾನೊಬ್ಬಳೇ ಅಲ್ಲ, ಯಾರೂ ಕೇಳಿಲ್ಲ. ಹೆಚ್ಚೆಂದರೆ "ಮುಂದ" ಎನ್ನುತ್ತಿದ್ದರು. ಆ 'ಮುಂದ'ಕ್ಕಾಗಿ ನಾವು ಸಾಯುತ್ತಿದ್ದೆವು.

ಈಗ ಹಾಡಿನ ವಿಷಯ.

ಅವರಿಗೆ ಅರವತ್ತು ದಾಟಿದ ಮೇಲೆ ಗಂಟಲಿನ ಆಪರೇಶನ್ ಆಯಿತು. ಮಾತಿಗೆ ತೊಂದರೆಯಿಲ್ಲ, ಹಾಡು ಹೋಯಿತು. ಎರಡನೇ ಸಾಲಿಗೆ ದನಿ ಹರಿದುಬಿಡುತ್ತಿತ್ತು. ಕಂಪನಿ ಯಾವಾಗಲೋ ಮುಚ್ಚಿತ್ತು, ಜೊತೆಯವರು ಒಬ್ಬೊಬ್ಬರಾಗಿ ಹೋಗಿದ್ದರು. ಆ ಬೀಗದ ಹಾಡಿಗೆ ಕಾಗದವಿಲ್ಲ, ರೆಕಾರ್ಡಿಲ್ಲ. ಮಟ್ಟು ಅವರ ಬೆರಳಲ್ಲಿತ್ತು, ಮಾತು ತಲೆಯಲ್ಲಿತ್ತು, ಹೊರಗೆ ಬರಲು ಗಂಟಲಿರಲಿಲ್ಲ. ಮೂವರು ಹುಡುಗಿಯರಿಗೆ ಕಲಿಸಲು ನೋಡಿದ್ದರಂತೆ. ಒಬ್ಬಳು ಮೂಗಿನಲ್ಲಿ ಹಾಡಿದಳು, ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳು ಅದನ್ನು ದೇವರನಾಮ ಮಾಡಿಬಿಟ್ಟಳು. ನಾನು ನಾಲ್ಕನೆಯವಳು.

ಅಷ್ಟರಲ್ಲಿ ಸಂಘ ಬದಲಾಗುತ್ತಿತ್ತು. ಮೊದಲೆಲ್ಲ ರೈಲ್ವೆಯವರು, ಸರ್ಕಾರಿ ಆಫೀಸಿನವರು, ಹೋಟೆಲಿನವರು. ಈಗ ಸೆಕ್ಟರ್ ಫೈವ್‌ನಿಂದ ನನ್ನಂಥವರ ದಂಡು. ರಾಜ್ಯೋತ್ಸವಕ್ಕೆ ಈ ಪುರಾತನ ನಾಟಕ ಯಾಕೆ, ಅಂತ್ಯಾಕ್ಷರಿ ಇಡೋಣ ಎಂಬ ಗಲಾಟೆ. ಕಮಿಟಿಯವರು ಕೊನೆಗೆ ಹೇಳಿದರು: ಈ ವರ್ಷ ಪೇಟಿ ಅಮ್ಮನ ನಾಟಕ, ಇದೇ ಕೊನೆ. ಅಂದರೆ ಆ ಹಾಡು ಜನರ ಮುಂದೆ ನಿಲ್ಲಲು ಉಳಿದಿದ್ದು ಒಂದೇ ಒಂದು ಸಂಜೆ. ನಾನು ಹಾಡಬೇಕು, ಇಲ್ಲದಿದ್ದರೆ ಅದು ಅವರ ಜೊತೆಗೇ ಮುಗಿಯುತ್ತದೆ.

ಇದೆಲ್ಲ ಗೊತ್ತಿದ್ದೂ ನಾನು ಹಾಡುವುದಿಲ್ಲ ಎಂದೆ.

ಕತೆ ಕೇಳಿ. ಸಾಹುಕಾರನ ಮಗಳು, ಓದಿದವಳು. ಸಂತೆಯಲ್ಲಿ ನಾಯಕನ ಮೀಸೆ ನೋಡಿ ನಗುತ್ತಾಳೆ. ಅವನು ಶಪಥ ಮಾಡುತ್ತಾನೆ. ಅವಳ ಅಪ್ಪನನ್ನೇ ಒಪ್ಪಿಸಿ ಅವಳನ್ನು ಕಾಳಿನ ಕೋಣೆಯಲ್ಲಿ ಮೂರು ದಿನ ಕೂಡಿಹಾಕುತ್ತಾನೆ. ಮೂರನೆಯ ದಿನ ಅವಳು ಕಿಂಡಿಯಲ್ಲಿ ನಿಂತು ಈ ಹಾಡು ಹಾಡುತ್ತಾಳೆ, ಬಾಗಿಲು ತೆರೆಯುತ್ತದೆ, ಆಮೇಲೆ ಎರಡು ಸೀನು ಮದುವೆ ಸಂಭ್ರಮ. ಹಾಡಿನ ತಾಲೀಮಿಗೆ ಬರುವವರೆಗೆ ನನಗೆ ಕತೆ ಪೂರ್ತಿ ಗೊತ್ತಿರಲಿಲ್ಲ. ಗೊತ್ತಾದ ದಿನ ಎದ್ದು ನಿಂತೆ.

"ಅಮ್ಮಾ, ಇದು ಕಿಡ್ನ್ಯಾಪು. ನಾನ್ ಹಾಡಲ್ಲ."

ನಾಯಕನ ಪಾರ್ಟು ನಮ್ಮ ಸಂಘದ ಕಾರ್ಯದರ್ಶಿಗಳದ್ದು. ಉಡುಪಿ ಕಡೆಯವರು, ಲೇಕ್ ಮಾರ್ಕೆಟ್ ಹತ್ತಿರ ಊಟದ ಹೋಟೆಲು. ಗಿರಾಕಿ ದೋಸೆ ಸೀದಿದೆ ಎಂದರೆ ಎರಡು ಸಲ ಕ್ಷಮೆ ಕೇಳುವ ಮನುಷ್ಯ. ಸ್ವಂತ ಮೀಸೆ ಇದ್ದದ್ದು ಅವರಿಗೊಬ್ಬರಿಗೇ, ಆದ್ದರಿಂದ ಯಾವ ವರ್ಷ ಯಾವ ನಾಟಕವಾದರೂ ಅವರೇ ನಾಯಕ. ಅವರಿಗೆ ಗಾಬರಿಯಾಯಿತು.

"ಎಂತ ಕಿಡ್ನ್ಯಾಪ್ ಮಾರಾಯ್ತಿ? ಅಪ್ಪನ ಪರ್ಮಿಶನ್ ಉಂಟಲ್ಲ!"

"ಅವಳ ಪರ್ಮಿಶನ್ ಎಲ್ಲಿದೆ ಸಾರ್?"

"ಕೊನೆಗೆ ಮದುವೆ ಆಗ್ತದಲ್ಲ, ಚಂದದಲ್ಲಿ?"

"ಅದೇ ಸಾರ್ ಪ್ರಾಬ್ಲಮ್ಮು! ನಮ್ಮ ಆಫೀಸಿನವರು ನೋಡೋಕೆ ಬರ್ತಾರೆ. ದಿನಾ ಅವರ ಕೆಲಸದಲ್ಲಿ ತಪ್ಪು ಹುಡುಕೋಳು ನಾನು. ಅಲ್ಲಿ ನಿಂತ್ಕೊಂಡು, ಕೂಡಿ ಹಾಕಿದೋನಿಗೆ ರಾಯಾ ಅಂತ ಹೇಗೆ ಹಾಡ್ಲಿ? ಕತೆ ಬದಲಾಯ್ಸಿ ಅಮ್ಮಾ. ಅವಳು ಬಾಗಿಲು ಮುರ್ಕೊಂಡು ಹೋಗ್ಲಿ. ಇಲ್ಲ, ಹಾಡಿನ ಮಾತಾದ್ರೂ ಬದಲಾಯ್ಸಿ."

ಪೇಟಿ ಅಮ್ಮ ಅಷ್ಟು ಹೊತ್ತೂ ಹಾರ್ಮೋನಿಯಮ್ಮಿನ ಸ್ವರದ ಮನೆಗಳ ಧೂಳು ಒರೆಸುತ್ತಿದ್ದರು. "ಮುಗೀತೇನು ನಿಂದು?" ಎಂದರು. "ಕತಿ ಹೊಲಸ ಐತಿ. ನನಗ ಗೊತ್ತಿಲ್ಲೇನು? ಹದಿನಾಕನೇ ವರ್ಷದಿಂದ ಆ ಬಾಗಲದ ಹಿಂದ ನಿಂತಾಕಿ ನಾನು. ನೀ ಇವತ್ತ ಕೇಳಿದಿ. ನೀವ ಅಷ್ಟ ಶಾಣ್ಯಾರು ಹುಟ್ಟೀರಿ ಅಂತ ತಿಳಕೊಂಡಿಯೇನು?"

"ಮತ್ತೆ ಯಾಕೆ ಹಾಡಿದ್ರಿ?"

"ಹಾಡು ಚಂದ ಐತಿ. ನನಗ ಹಾಡು ಸೇರತೈತಿ. ಹಾಡು ಸೇರಿದ್ರ ಆ ಗಂಡಸೂ ಸೇರಬೇಕಂತ ಎಲ್ಲಿ ಬರದೈತಿ?"

ಎದ್ದು ನಿಂತಿದ್ದವಳು ಮತ್ತೆ ಕೂತೆ.

"ಮಾತು ಬದಲ ಮಾಡೂದಿಲ್ಲ," ಎಂದು ಮುಂದುವರಿಸಿದರು. "ಬರದಾಂವ ಬದುಕಿದ್ರ ನಾನ ಅವನ ಜೋಡಿ ಜಗಳಾ ಆಡತಿದ್ದೆ. ಸತ್ತಾಂವನ ಮಾತು ಅವನ ಹಿಂದ ತಿದ್ದೂದು ನನಗ ಬರಂಗಿಲ್ಲ. ಆದ್ರ ಒನ್ಸ್ ಮೋರ್ ಬಂದ್ರ ಅದು ನಿಂದು."

ಕಂಪನಿ ನಾಟಕ ನೋಡಿದ ಹಿರಿಯರಿಗೆ ಇದು ಗೊತ್ತು, ಉಳಿದವರಿಗೆ ಹೇಳುತ್ತೇನೆ. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಕೂಗಿದರೆ ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರವಾದರೂ ಎದ್ದು ಕೂತು ಹಾಡಿ, ಮತ್ತೆ ಸಾಯಬೇಕು. ಅವರ ಕಂಪನಿಯಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಮೊದಲ ಸಲದ ಹಾಡು ಬರೆದವನದು, ಅವನು ಹೇಳಿದಂತೆಯೇ ಹಾಡಬೇಕು. ಎರಡನೆಯ ಸಲದ್ದು ಹಾಡುವವಳದು. ಅದರಲ್ಲಿ ಮಾಲೀಕನೂ ಬಾಯಿ ಹಾಕುವಂತಿಲ್ಲ. ಮಾತು ಅದೇ ಇರಬೇಕು, ಮಿಕ್ಕಿದ್ದು ಅವಳಿಷ್ಟ.

"ನಮ್ಮ ಕಂಪನ್ಯಾಗ ಹಿರಿಯಾಕಿ ಒಬ್ಬಾಕಿ ಇದ್ಲು," ಎಂದರು. "ನನಗಿಂತ ಮೊದಲ ಇದ ಪಾರ್ಟು ಮಾಡಾಕಿ. ಒನ್ಸ್ ಮೋರ್ ಬಂತಂದ್ರ ಹೀರೋಗ ಬೆನ್ನ ತಿರುಗಿಸಿ ನಿಲ್ಲಾಕಿ. ಹೆಂಗಸರ ಕಡೆ ಮಾರಿ ಮಾಡಿ, 'ಬೀಗ ನಿನ್ನದು' ಅಂತ ಹಾಡಾಕಿ, ಒಂದ ಹುಬ್ಬ ಮ್ಯಾಲ ಏರಿಸಿ. ಹೆಂಗಸರು ಸೆರಗು ಬಾಯಾಗ ತುರಕೊಂಡು ನಗತಿದ್ರು. ಒನ್ಸ್ ಮೋರ್ ಕೂಗು ಬರತಿದ್ದದ್ದ ಹೆಂಗಸರ ಚಾಪಿ ಕಡಿಂದ. ಗಂಡಸರು ಮೊದಲನೇದು ನೋಡಾಕ ಬರತಿದ್ರು, ಹೆಂಗಸರು ಎರಡನೇದು ನೋಡಾಕ."

"ನೀವೇನ್ ಮಾಡ್ತಿದ್ರಿ ಎರಡನೇ ಸಲ?"

"ನಾನಾ? ಹಂಗ ಹಾಡತಿದ್ದೆ. ಮತ್ತ ಒಳಗ ಹೋಗಿ, ಮೊದಲಿನಕಿಂತಾ ಚಂದ." ಒರೆಸಿದ ಮನೆಯನ್ನೇ ಮತ್ತೆ ಒರೆಸುತ್ತಾ, "ನನಗ ಬ್ಯಾರೆ ಏನೂ ಹೊಳೀಲಿಲ್ಲ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸರಿ, ಒಪ್ಪಿಕೊಂಡೆ. ತಕ್ಷಣ ಕಂಡಿಷನ್ ಬಂತು. "ಒನ್ಸ್ ಮೋರ್ ಸುಮ್ಮನ ಸಿಗಂಗಿಲ್ಲ. ಮನಸಿಲ್ಲದ ಮನಸಿನಿಂದ ಹಾಡಿದ್ರ ಯಾರೂ ಕೇಳಂಗಿಲ್ಲ. ಮೊದಲನೇದನ್ನ ಕರಳ ಕಿತ್ತ ಹಂಗ ಹಾಡಬೇಕು. ಇನ್ನೊಂದು, ಗೆಳತ್ಯಾರ್ನ ಕುಂಡ್ರಿಸಿ ಕೂಗಿಸಿದ್ಯೋ, ಅಲ್ಲೇ ಪೇಟಿ ಮುಚ್ಚತೀನಿ. ಎರಡನೇ ಸಲ ಏನ ಮಾಡ್ತಿ ಅನ್ನೂದು ನನಗೂ ಹೇಳಬಾರದು."

ನೋಡಿ ಪೇಚು. ಆ ಹಾಡಿಗೆ ಎದುರು ಮಾತಾಡಬೇಕಾದರೆ ಮೊದಲು ಆ ಹಾಡನ್ನು ಯಾರೂ ಹಾಡದಷ್ಟು ಚೆನ್ನಾಗಿ ಹಾಡಬೇಕು. ಎರಡು ತಿಂಗಳು ನನಗೆ ಅದು ಬರಲಿಲ್ಲ. ಸ್ವರ ಬರುತ್ತಿತ್ತು, ಒಳಗೆ ಸಿಟ್ಟು ಕೂತಿರುತ್ತಿತ್ತು. "ನಿನ್ನ ಪ್ರೀತಿ ಸುಳ್ಳ ಕೇಳಸತೈತಿ" ಎಂದರು ಒಂದು ದಿನ.

"ಸುಳ್ಳೇ ಅಲ್ವಾ ಅಮ್ಮಾ?"

"ಹಂಗಾರ ಪ್ರೀತಿ ಬಿಡು. ಮೂರು ದಿನಾ ಆಕಿಗೆ ಊಟ ಹಾಕಿಲ್ಲ. ಬರದಾಂವ ಅದನ್ನ ಬರೀಲಿಲ್ಲ, ಅವನಿಗೆ ನೆನಪ ಆಗಿಲ್ಲ. ಮುಂದಿನ ವಾರ ಉಪಾಸ ಬಾ."

ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿನ್ನದೆ ಹೋದೆ. ಅವರು ಒಳಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಮುಚ್ಚಿಟ್ಟು ಬಂದು ಪೇಟಿ ಹಿಡಿದರು. ಹಾಡಿದೆ. 'ಬಾಳೂ ನಿನ್ನದೇ ರಾಯಾ' ಎಂಬಲ್ಲಿ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಾಡು ಮುಗಿದಾಗ ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, "ಪಾಪದ ಹುಡುಗಿ, ನಾನು ಬೀಗ ತೆಗೀತೇನೆ ಅಮ್ಮ" ಎಂದರು. ಪೇಟಿ ಅಮ್ಮ "ಮುಂದ" ಎಂದರು.

ಆ ಕ್ಲಿಪ್ಪಿನಲ್ಲಿ ನಿಮಗೆ ಪ್ರೀತಿ ಕೇಳಿಸಿದ್ದರೆ, ಅದು ಹಸಿವು.

ನಾಟಕದ ದಿನ ದಕ್ಷಿಣ ಕೋಲ್ಕತ್ತದ ಒಂದು ಬಾಡಿಗೆ ಹಾಲು. ಮುಂದೆ ಹಳಬರು, ಹಿಂದೆ ಸೆಕ್ಟರ್ ಫೈವ್. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಬಂಗಾಳಿ ಹುಡುಗಿ ಮೌಸುಮಿ ಕೂಡ ಬಂದಿದ್ದಳು. ಕನ್ನಡ ಒಂದಕ್ಷರ ಬಾರದವಳು, ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ಪೇಟಿ ಅಮ್ಮ ಸ್ಟೇಜಿನ ಬಲಕ್ಕೆ ಹಾರ್ಮೋನಿಯಂ ಹಿಡಿದು ಕೂತಿದ್ದರು, ರೇಷ್ಮೆ ಸೀರೆ, ತಲೆ ತುಂಬ ಹೂವು.

ನಾನು ಹಾಡಿದೆ. ನೀವು ನೋಡಿದ್ದೀರಿ. ವೀಡಿಯೊ ತೆಗೆಯುತ್ತಿದ್ದ ಪುಣ್ಯಾತ್ಮ ಬ್ಯಾಟರಿ ಉಳಿಸಲು ಅಲ್ಲಿಗೆ ನಿಲ್ಲಿಸಿದ. ಆಮೇಲಿನದು ಕ್ಯಾಮೆರಾದಲ್ಲಿಲ್ಲ.

ಕಾರ್ಯದರ್ಶಿಗಳು ಬೀಗ ತೆಗೆದರು, ನಾನು ಹೊರಗೆ ಬಂದೆ. ಚಪ್ಪಾಳೆ ಬಿತ್ತು. ಮರ್ಯಾದೆಯ ಚಪ್ಪಾಳೆ, ಆಫೀಸಿನಲ್ಲಿ ಯಾರಾದರೂ ಭಾಷಣ ಮುಗಿಸಿದಾಗ ಬೀಳುತ್ತದಲ್ಲ, ಅದು. ಹಿಂದಿನ ಸಾಲಿನಲ್ಲಿ ಯಾರೋ ಮೀಸೆ ನೋಡಿ ಕಿಸಕ್ಕೆಂದರು. ಹೊಸಬರಿಗೆ ಒನ್ಸ್ ಮೋರ್ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಹಳಬರು ಹೊಸಬರ ನಡುವೆ ಕೂಗಲು ನಾಚಿಕೊಂಡು ಕೂತಿದ್ದರು. ಚಪ್ಪಾಳೆ ಸಣ್ಣಗಾಯಿತು, ನಿಂತಿತು.

ಪೇಟಿ ಅಮ್ಮ ಈಗ ಮದುವೆ ಸೀನಿನ ಮಟ್ಟು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ತಲೆ ತಗ್ಗಿಸಿಕೊಂಡು ಷಡ್ಜ ಒಂದನ್ನೇ ಒತ್ತಿ ಹಿಡಿದು ಕೂತಿದ್ದರು. ಹೂವಿನ ದಂಡೆಯ ಕೆಳಗೆ ಅವರ ಕುತ್ತಿಗೆಯ ಬೆವರು ನನಗೆ ಕಾಣುತ್ತಿತ್ತು. ಒನ್ಸ್ ಮೋರ್ ಕೇಳುವ ಹಕ್ಕು ಪೇಟಿಗಿಲ್ಲ, ಕೇಳಬೇಕಾದವರು ಜನ. ಅವರು ಕಾಯಬಹುದು, ಅಷ್ಟೇ.

ಆಗ ಹಿಂದಿನಿಂದ ಒಂದು ದನಿ. "ಆರೇಕ್‌ಬಾರ್!"

ಮೌಸುಮಿ ಕುರ್ಚಿಯಿಂದ ಎದ್ದು ನಿಂತಿದ್ದಳು. "ಆರೇಕ್‌ಬಾರ್! ಗಾನ್‌ಟಾ ಆರೇಕ್‌ಬಾರ್!" ಆ ಹಾಡು ಇನ್ನೊಂದು ಸಲ. ಅವಳಿಗೆ ಬೀಗವೂ ಗೊತ್ತಿಲ್ಲ, ರಾಯನೂ ಗೊತ್ತಿಲ್ಲ, ಮಟ್ಟು ಮಾತ್ರ ಕೇಳಿಸಿದೆ.

ಅಷ್ಟೇ ಬೇಕಿತ್ತು. ಮುಂದಿನ ಸಾಲಿನ ರೈಲ್ವೆ ಹೆಂಗಸೊಬ್ಬರು ಎದ್ದು "ಒನ್ಸ್ ಮೋರ್!" ಎಂದರು. ಅವರ ಪಕ್ಕದವರು. ಆಮೇಲೆ ಇಡೀ ಸಾಲು. ಹೊಸ ಹುಡುಗರಿಗೂ ಕೂಗುವ ಅವಕಾಶ ಸಿಕ್ಕಿತಲ್ಲ, ಬಿಟ್ಟಾರೆಯೇ?

ಒನ್ಸ್ ಮೋರ್ ಎಂದರೆ ನಾನು ಮತ್ತೆ ಒಳಗೆ ಹೋಗಬೇಕು, ಅವರು ಬೀಗ ಹಾಕಬೇಕು, ಹಾಡು ಮೊದಲಿನಿಂದ. ಕಾರ್ಯದರ್ಶಿಗಳು ಬಾಗಿಲು ಹಿಡಿದುಕೊಂಡು ಪಿಸುಗುಟ್ಟಿದರು, "ಒಳಗೆ ಹೋಗು ಮಾರಾ‌ಯ್ತಿ, ಬೀಗ ಹಾಕ್ಲಿಕ್ಕುಂಟು."

"ಹೋಗಲ್ಲ," ಎಂದೆ. ಮೈಕಿನಲ್ಲಿ ಬಂದುಬಿಟ್ಟಿತು. ಹಾಲ್ ಪೂರ್ತಿ ನಕ್ಕಿತು, ಆಮೇಲೆ ತಣ್ಣಗಾಯಿತು.

ಸತ್ಯ ಹೇಳುತ್ತೇನೆ, ನಾನು ಯೋಚಿಸಿಟ್ಟುಕೊಂಡಿದ್ದು ಬೇರೆ. ಒಳಗೇ ನಿಂತು ಸಿಟ್ಟಿನಿಂದ ಹಾಡಬೇಕು ಎಂದಿತ್ತು. ಆದರೆ ಹೊರಗೆ ಬಂದವಳಿಗೆ ಆ ಕೋಣೆ ನೋಡಿ ಕಾಲು ಏಳಲಿಲ್ಲ. ಅಲ್ಲೇ ನಿಂತು ಹಿಡಿದೆ. "ಬೀಗ ನಿನ್ನದು." ಅವರ ಕೈಯಲ್ಲಿದ್ದ ಬೀಗದ ಮೇಲೆ ಅವರ ಬೆರಳನ್ನೇ ಮಡಚಿ ಮುಚ್ಚಿದೆ. "ಬಾಗಿಲು ನಿನ್ನದು." ಬಾಗಿಲನ್ನು ಅವರ ಕಡೆ ತಳ್ಳಿದೆ. ಮೂರನೆಯ ಸಾಲು ಬಂತು. ನಾನು ಬಾಯಿ ಮುಚ್ಚಿದೆ. ಒಂದು ಮಾತೂ ಬದಲಿಸಲಿಲ್ಲ, ಹೇಳಲಿಲ್ಲ ಅಷ್ಟೇ.

ಪೇಟಿ ನಿಲ್ಲಲಿಲ್ಲ. 'ಬಾಳೂ ನಿನ್ನದೇ' ಎಂಬ ಸಾಲಿನ ಮಟ್ಟನ್ನು ಮಾತಿಲ್ಲದೆ, ಹಾರ್ಮೋನಿಯಂ ಒಂದೇ ನುಡಿಸಿತು. ಎಷ್ಟು ಚಂದವಿತ್ತು ಆ ಮಟ್ಟು! ಯಾರ ಬಾಳೂ ಯಾರದೂ ಆಗದೆ ಹಾಗೇ ಹೋಗುತ್ತಿತ್ತು. ನಾನು ಮುಂದಿನ ಮೆಟ್ಟಿಲು ಇಳಿದು, ಜನರ ನಡುವೆ ನಡೆದು, ಮೌಸುಮಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಸ್ಟೇಜಿನ ಕಡೆ ನೋಡಿದೆ. ಎಲ್ಲರ ಜೊತೆ ನಾನೂ ನೋಡಿದೆ. ಅಲ್ಲಿ ಒಬ್ಬ ಒಳ್ಳೆಯ ಮನುಷ್ಯ ದೊಡ್ಡ ಮೀಸೆ ಇಟ್ಟುಕೊಂಡು, ಒಂದು ಬೀಗ ಹಿಡಿದುಕೊಂಡು, ತೆರೆದ ಬಾಗಿಲ ಮುಂದೆ ನಿಂತಿದ್ದರು.

ಮುಂದಿನ ಮಟ್ಟು ಮದುವೆಯದಾಗಿರಲಿಲ್ಲ. ಪೇಟಿ ಅಮ್ಮ ಮಂಗಳ ನುಡಿಸಿದರು. ನಾಟಕ ಪೂರ್ತಿ ಮುಗಿದಾಗ ಮಾತ್ರ ನುಡಿಸುವ ಮಂಗಳ. ಪರದೆ ಎಳೆಯುವವನು ಅಭ್ಯಾಸಬಲದಿಂದ ಎಳೆದೇಬಿಟ್ಟ.

ನಾನು ಹಿಂದೆ ಓಡಿ ಹೋದಾಗ ಕಾರ್ಯದರ್ಶಿಗಳು ಕೈ ಚೆಲ್ಲಿ ನಿಂತಿದ್ದರು. "ಎಂತದಮ್ಮ ಇದು! ಇನ್ನೂ ಎರಡು ಸೀನ್ ಉಂಟು! ಬಾಸಿಂಗ ಕೂಡ ಪೆಟ್ಟಿಗೆಯಿಂದ ತೆಗೀಲಿಲ್ಲ!"

"ಹುಡುಗಿ ಒಲ್ಲೆ ಅಂದ ಮ್ಯಾಲ ಮದುವಿ ಸೀನು ಯಾವ ಮಾರಿ ಇಟಗೊಂಡು ಮಾಡ್ತಿಯೋ ಹೀರೋ?" ಎಂದರು ಪೇಟಿ ಅಮ್ಮ, ಹಾರ್ಮೋನಿಯಮ್ಮಿನ ಮುಚ್ಚಳ ಹಾಕುತ್ತಾ. "ಬಾಸಿಂಗ ಹಂಗ ಇರಲಿ. ಊಟಕ್ಕ ಹಾಕ್ರಿ."

ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಹೊಗಳುತ್ತಾರೆ ಎಂಬ ಆಸೆಯೂ ಇತ್ತು, ಅದೂ ಆಗಲಿಲ್ಲ. ಊಟ ಮುಗಿಸಿ ಟ್ಯಾಕ್ಸಿಯಲ್ಲಿ ಲೇಕ್ ಗಾರ್ಡನ್ಸಿಗೆ ಬರುವಾಗ ಹಾರ್ಮೋನಿಯಂ ನಮ್ಮಿಬ್ಬರ ನಡುವೆ ಕೂತಿತ್ತು. ನಾನೇ ತಡೆಯಲಾರದೆ ಕೇಳಿದೆ. "ಅಮ್ಮಾ, ಸರಿ ಹೋಯ್ತಾ?"

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಎರಡನೇ ಸಲ ಶ್ರುತಿ ಬಿಟ್ಟಿ," ಎಂದರು. "ಬಾಗಲಾ ದೂಡೂವಾಗ. ಸಿಟ್ಟಿನಾಗ ಸ್ವರಾ ಏರಿತು. ಸಿಟ್ಟು ಇರಲಿ, ಚಲೋನ ಐತಿ. ಶ್ರುತಿ ಬಿಡಬ್ಯಾಡ. ನಾಳೆ ಬಾ, ಅದೊಂದು ಸಾಲು ಮತ್ತ ಹಿಡಿಯೂಣು."